ಅವತ್ತು ಯಾವ ವಾರ?

ನನ್ನ ನೀಲಿ ಕುರ್ತಾ ಸುಟ್ಟಿದ್ದು ಮಂಗಳವಾರಕ್ಕೂ ಬುಧವಾರಕ್ಕೂ ನಡುವೆ. ಹಾಗಂತ ನಡುರಾತ್ರಿಯಲ್ಲ. ಇವತ್ತು ಬೆಳಗ್ಗೆ ಎಂಟೂಕಾಲಿಗೆ, ಒಳ್ಳೆ ಬೆಳಕಿನಲ್ಲಿ, ನಾನು ಕಣ್ಣು ಬಿಟ್ಟುಕೊಂಡಿದ್ದಾಗಲೇ. ನಲವತ್ತು ವರ್ಷ ದಾಟಿದ ಯಾವುದೋ ಒಂದು ದಿನ ಮಂಗಳವಾರವೋ ಬುಧವಾರವೋ ಅಂತ ಫೋನಿನ ಆ ಕಡೆ ಒಬ್ಬರು ಯೋಚಿಸುತ್ತಿದ್ದರು. ಅವರು ತೀರ್ಮಾನಕ್ಕೆ ಬರುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆ ತನ್ನ ತೀರ್ಮಾನ ಮುಗಿಸಿತ್ತು.

ಸುಟ್ಟಿತು ಅನ್ನುವುದೂ ಸರಿಯಲ್ಲ, ಕರಗಿತು. ಸಿಂಥೆಟಿಕ್ ಬಟ್ಟೆ. ಒಳಗಿನ ಚೀಟಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರ, ಅದರೊಳಗೆ ಒಂದೇ ಒಂದು ಚುಕ್ಕೆ. ಒಂದು ಚುಕ್ಕೆ ಅಂದರೆ ಕಮ್ಮಿ ಬಿಸಿ ದಾಟಬಾರದು, ಎರಡಿದ್ದರೆ ಮಧ್ಯಮ, ಮೂರಿದ್ದರೆ ಜಾಸ್ತಿ. ಅದಕ್ಕೂ ಮುಂಚೆ ನಾನು ಕಾಟನ್ ದುಪಟ್ಟಾ ತಿಕ್ಕುತ್ತಿದ್ದೆ, ಗುಂಡಿ ಮೂರು ಚುಕ್ಕೆಯಲ್ಲಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕುರ್ತಾ ಹರಡಿ, ಇನ್ನೇನು ಗುಂಡಿ ತಿರುಗಿಸಬೇಕು, ಆಗ ಅವರು "ತಡಿ ತಡಿ" ಅಂದರು. ನನಗೆ ಚಿಕ್ಕಂದಿನಿಂದ ದೊಡ್ಡವರು ತಡಿ ಅಂದರೆ ತಡೆದು ಅಭ್ಯಾಸ. ನಾನು ತಡೆದೆ. ಕೈಯೂ ತಡೆಯಿತು. ಕುರ್ತಾದ ಮೇಲೇ ತಡೆಯಿತು.

ಈಗ ಅದರ ಎದೆಯ ಮೇಲೆ ದೋಣಿಯ ಆಕಾರದ ಒಂದು ಕಿಟಕಿ ಇದೆ. ಪೆಟ್ಟಿಗೆಯ ತಳದಲ್ಲಿ ಅದೇ ಆಕಾರದ ನೀಲಿ ಅಂಟು.

ಆ ಕಡೆ ಇದ್ದವರು ಮಾಮ. ರಕ್ತಸಂಬಂಧ ಏನೂ ಇಲ್ಲ, ಅಪ್ಪನ ಗೆಳೆಯರು. ಇಬ್ಬರೂ ಒಂದೇ ಆಫೀಸಿಗೆ ಒಂದೇ ವರ್ಷ ಸೇರಿದವರು, ಮದುವೆಗೆ ಮುಂಚೆ ಒಂದೇ ಕೋಣೆಯಲ್ಲಿ ಇದ್ದವರು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅವತ್ತಿನಿಂದ ಅಪ್ಪನಿಗೆ ಬರುತ್ತಿದ್ದ ಫೋನುಗಳೆಲ್ಲ ನನಗೆ ಬರುತ್ತಿವೆ. ಬೆಳಗ್ಗಿನ ವಾಕಿಂಗ್ ಮುಗಿಸಿ, ಎಲ್ಲೋ ಒಂದು ಕಲ್ಲುಬೆಂಚಿನ ಮೇಲೆ ಕೂತು, ಮಾಮ ನಂಬರ್ ಒತ್ತುತ್ತಾರೆ. ನಿವೃತ್ತರಿಗೆ ಎಂಟೂಕಾಲು ಅಂದರೆ ಆರಾಮ ಹೊತ್ತು. ನಮಗೆಲ್ಲ ಅದು ಎಂಥ ಹೊತ್ತು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ತಲೆ ಒದ್ದೆ, ಒಂದು ಕಾಲಿಗೆ ಸಾಕ್ಸ್, ಇನ್ನೊಂದು ಸಾಕ್ಸ್ ನಾಪತ್ತೆ. ವಾಷಿಂಗ್ ಮಶೀನು ನನ್ನ ಕೆಲಸ ಮುಗೀತು ಅಂತ ಕೂಗಿ ಕೂಗಿ ಸುಮ್ಮನಾಗಿರುತ್ತದೆ. ಆಗ ಫೋನು. "ಪುಟ್ಟೀ, ಬಿಡುವಾಗಿದ್ದೀಯೇನಮ್ಮ?"

ನನಗೆ ಹತ್ತಿರ ಹತ್ತಿರ ನಲವತ್ತು. ಆಫೀಸಿನಲ್ಲಿ ಒಂದಿಷ್ಟು ಜನ ನನಗೆ ಹೆದರುತ್ತಾರೆ ಅಂತ ನನ್ನ ನಂಬಿಕೆ. ಬಿಡುವಿಲ್ಲ ಅಂತ ಮಾತ್ರ ಈ ಮನುಷ್ಯನಿಗೆ ಹೇಳಲು ನನಗೆ ಇದುವರೆಗೂ ಬಾಯಿ ಬಂದಿಲ್ಲ.

ಅಪ್ಪನ ಕತೆ ಕೇಳಲು ಬೇಜಾರು ಅಂತಲ್ಲ. ಕತೆ ಶುರುವಾದರೆ ತಾನೇ ಬೇಜಾರಾಗುವುದು? ಮಾಮನ ಕತೆ ಶುರುವಾಗಬೇಕಾದರೆ ಮೊದಲು ವಾರ ಗೊತ್ತಾಗಬೇಕು. ವರ್ಷ ಹೆಚ್ಚುಕಮ್ಮಿ ಆದರೂ ನಡೆಯುತ್ತೆ, ಊರು ಬದಲಾದರೂ ನಡೆಯುತ್ತೆ. ವಾರ ಇತ್ಯರ್ಥವಾಗದೆ ಅವರು ಒಂದು ಹೆಜ್ಜೆ ಮುಂದಿಡುವುದಿಲ್ಲ.

"ಅವತ್ತು ಮಂಗಳವಾರ. ನಾನೂ ನಿಮ್ಮಪ್ಪನೂ ಮೆಟ್ಟಿಲು ಇಳೀತಾ ಇದ್ವಿ. ಅಲ್ಲ, ತಡಿ. ಮಂಗಳವಾರ ಆಗಿದ್ರೆ ಸಾಹೇಬ್ರು ಟೂರಲ್ಲಿ ಇರ್ತಿದ್ರು. ಅವತ್ತು ಸಾಹೇಬ್ರು ಇದ್ರು. ಯಾಕಂದ್ರೆ ಸ್ವೆಟರ್ ಹಾಕಿದ್ರು, ಕಂದು ಬಣ್ಣದ್ದು, ಮೊಣಕೈ ಹತ್ರ ತೇಪೆ. ಅದನ್ನ ಅವರ ಭಾವಮೈದ ಕೊಟ್ಟಿದ್ದು. ಆ ಭಾವಮೈದಂಗೆ ಒಂದು ಕಿವಿ ಕೇಳ್ತಿರ್ಲಿಲ್ಲ. ಎಡಗಿವಿ. ಅಲ್ಲ, ತಡಿ…"

ಇಲ್ಲಿಗೆ ಅಪ್ಪ ಮೆಟ್ಟಿಲ ಮೇಲೆ ಒಂದು ಕಾಲೆತ್ತಿ ನಿಂತು ಏಳು ನಿಮಿಷವಾಗಿರುತ್ತದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಭಾವಮೈದನ ಯಾವ ಕಿವಿ ಅಂತ ಗೊತ್ತಾಗಬೇಕು. ಆಮೇಲೆ ಸ್ವೆಟರಿಗೆ ಬರಬೇಕು, ಸ್ವೆಟರಿನಿಂದ ಸಾಹೇಬರಿಗೆ, ಸಾಹೇಬರಿಂದ ವಾರಕ್ಕೆ. ಒಂದು ಸಲವಂತೂ ಕಿವಿಯಲ್ಲೇ ಫೋನ್ ಕಟ್ ಆಯಿತು. ಆ ಮೆಟ್ಟಿಲ ಕೆಳಗೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಅಲ್ಲೇ ನಿಂತಿದ್ದಾರೆ.

ನಾನೂ ಉಪಾಯ ಮಾಡಿ ನೋಡಿದೆ. "ಯಾವ ವಾರ ಆದ್ರೇನು ಮಾಮ, ಮುಂದೆ ಹೇಳಿ" ಅಂದೆ. ಅವರು ಎಷ್ಟು ನೊಂದುಕೊಂಡರು ಅಂದರೆ, "ಹಾಗಂದ್ರೆ ಹೇಗಮ್ಮ, ನಿಮ್ಮಪ್ಪನ ವಿಷಯ ಸುಳ್ಳು ಹೇಳೋಕಾಗತ್ತಾ?" ಅಂದುಬಿಟ್ಟರು. ಇನ್ನೊಂದು ಸಲ ನಾನೇ ಧೈರ್ಯ ಮಾಡಿ "ಗುರುವಾರ ಇರಬೇಕು" ಅಂದೆ. ಅದನ್ನೂ ಗಂಭೀರವಾಗಿ ತೆಗೆದುಕೊಂಡು ಹತ್ತು ನಿಮಿಷ ವಿಚಾರಣೆ ಮಾಡಿ ತಳ್ಳಿಹಾಕಿದರು. ಅವರು ಇಲ್ಲ ಅಂದ ಮೇಲೆ ಮುಗಿಯಿತು. ಆಗ ನಾನು ಇನ್ನೂ ಹುಟ್ಟಿರಲಿಲ್ಲ.

ಹುಟ್ಟಿದ್ದರ ಬಗ್ಗೆಯೂ ಅವರಿಗೆ ಸ್ವಲ್ಪ ಅಸಮಾಧಾನ ಇದೆ. "ನಿಮ್ಮಪ್ಪ ಭಾಳ ಮಜವಾಗಿದ್ದ ಕಣಮ್ಮ, ನೀನು ಹುಟ್ಟೋವರೆಗೂ" ಅಂತ ಯಾವ ಮುಲಾಜೂ ಇಲ್ಲದೆ ಹೇಳುತ್ತಾರೆ. ಅವರ ಕತೆಗಳೆಲ್ಲ ನನ್ನ ತೊಟ್ಟಿಲ ಹತ್ತಿರ ಬಂದು ನಿಲ್ಲುತ್ತವೆ. ಅಲ್ಲಿಂದ ಈಚೆಗೆ ಒಂದೂ ಇಲ್ಲ.

ಇವತ್ತು ಬೆಳಗ್ಗೆ ಬಂದಿದ್ದು ಮಹಾರಾಜ ಕತೆ. ಕಪಿಲ್ ದೇವ್ 175. 1983ರ ವಿಶ್ವಕಪ್ಪು, ಟನ್‌ಬ್ರಿಜ್ ವೆಲ್ಸ್ ಮೈದಾನ, ಎದುರಿಗೆ ಜಿಂಬಾಬ್ವೆ. ನಮ್ಮವರು 17 ರನ್ನಿಗೆ 5 ವಿಕೆಟ್. ಇದನ್ನು ನಾನು ನಾಲ್ಕು ವರ್ಷದಲ್ಲಿ ಕಮ್ಮಿ ಅಂದರೂ ಒಂಬತ್ತು ಸಲ ಕೇಳಿದ್ದೇನೆ. ಮೊದಲ ಸಲ ಅಪ್ಪ ಟಿವಿ ಮುಂದೆ ಸುಮ್ಮನೆ ಕೂತಿದ್ದರು. ಮೂರನೇ ಸಲಕ್ಕೆ ಎದ್ದು ನಿಂತರು. ಐದನೇ ಸಲಕ್ಕೆ ಕುಣಿದರು. ಹೋದ ತಿಂಗಳು ಕಿರ್ಮಾನಿ ಕ್ರೀಸಿಗೆ ಅಂಟಿಕೊಂಡು ನಿಂತಾಗ ಟಿವಿಗೇ ಮುತ್ತು ಕೊಟ್ಟರು. ಇವತ್ತು ಏನು ಮಾಡುತ್ತಿದ್ದರೋ ಗೊತ್ತಿಲ್ಲ, ಅಷ್ಟರಲ್ಲಿ ವಾರ ಅಡ್ಡ ಬಂತು. ಆಫೀಸಿಗೆ ಚಕ್ಕರ್ ಹೊಡೆದು ನೋಡಿದ ಮ್ಯಾಚು, ಮಂಗಳವಾರವೋ ಬುಧವಾರವೋ, ತಡಿ ತಡಿ. ಹೊಗೆ.

ಒಂದು ಕುರ್ತಾ ಕಳೆದುಕೊಂಡವಳಿಗೆ ಬಾಯಿ ಮೇಲೆ ಹತೋಟಿ ಇರುವುದಿಲ್ಲ. ಪ್ಲಗ್ ಕಿತ್ತು, ಅದೇ ಫೋನಿನಲ್ಲಿ ಕ್ಯಾಲೆಂಡರ್ ತೆಗೆದೆ. "ಮಾಮ, ಅದು 1983 ಜೂನ್ 18. ಶನಿವಾರ. ಮಂಗಳವಾರಾನೂ ಅಲ್ಲ, ಬುಧವಾರಾನೂ ಅಲ್ಲ. ಇನ್ನೊಂದು ವಿಷಯ. ಆ ಮ್ಯಾಚು ಟಿವೀಲಿ ಬರಲೇ ಇಲ್ಲ. ಅವತ್ತು ಆ ಗ್ರೌಂಡಲ್ಲಿ ಬಿಬಿಸಿಯವರ ಕ್ಯಾಮೆರಾನೇ ಇರ್ಲಿಲ್ಲ. ಇಡೀ ಪ್ರಪಂಚದಲ್ಲಿ ಯಾರೂ ಟಿವೀಲಿ ನೋಡಿಲ್ಲ. ನೀವೂ ನೋಡಿಲ್ಲ, ಅಪ್ಪನೂ ನೋಡಿಲ್ಲ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಆ ಕಡೆ ಸದ್ದು ನಿಂತುಹೋಯಿತು. ಎಲ್ಲೋ ಯಾರೋ ಕಸ ಗುಡಿಸುವ ಪರಕೆಯ ಶಬ್ದ ಮಾತ್ರ ಕೇಳುತ್ತಿತ್ತು. ಆಮೇಲೆ ಮಾಮ, "ಹೌದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸರಿಯಮ್ಮ, ನಿಂಗೆ ಹೊತ್ತಾಗತ್ತೆ" ಅಂದರು. ನನಗೆ ಹೊತ್ತಾಗುತ್ತೆ ಅನ್ನುವುದು ಅವರಿಗೆ ನಾಲ್ಕು ವರ್ಷದಲ್ಲಿ ಮೊದಲ ಸಲ ಹೊಳೆದಿತ್ತು.

ಬಸ್ಸಿನಲ್ಲಿ ಕೂತಾಗ ಸಮಾಧಾನ ಇರಲಿಲ್ಲ. ನಾನು ಸರಿ ಅಂತ ಸಾಬೀತು ಮಾಡಿಕೊಳ್ಳಲು ಫೋನಿನಲ್ಲಿ ನೆನಪಿನ ಬಗ್ಗೆ ಓದುತ್ತಾ ಕೂತೆ. ಕೇಂಬ್ರಿಜ್‌ನ ಫ್ರೆಡ್ರಿಕ್ ಬಾರ್ಟ್ಲೆಟ್ ಅನ್ನುವ ಮನಶ್ಶಾಸ್ತ್ರಜ್ಞ ಜನರಿಗೆ ಯಾವುದೋ ದೂರದ ನಾಡಿನ ಜಾನಪದ ಕತೆ ಓದಿಸಿ, ಆಮೇಲೆ ಬಿಟ್ಟು ಬಿಟ್ಟು ಅದನ್ನೇ ಮತ್ತೆ ಮತ್ತೆ ಬರೆಸಿದನಂತೆ. 1932ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಕತೆಯಲ್ಲಿ ಸೀಲ್ ಬೇಟೆಗೆ ಹೊರಟವರು ಜನರ ನೆನಪಿನಲ್ಲಿ ಮೀನು ಹಿಡಿಯಲು ಹೋದರು. ಅರ್ಥವಾಗದ ಭಾಗ ಬಿದ್ದುಹೋಯಿತು, ತಮಗೆ ಒಪ್ಪುವಂಥದ್ದು ಸೇರಿಕೊಂಡಿತು. ಯಾರೂ ಬೇಕಂತಲೇ ಸುಳ್ಳು ಹೇಳಿದ್ದಲ್ಲ. ಅಷ್ಟಕ್ಕೂ ಬಾರ್ಟ್ಲೆಟ್ ಪುಣ್ಯವಂತ. ಅವನಿಗೆ ಜನ ಬರೆದುಕೊಟ್ಟರು, ಬೆಳಗ್ಗೆ ಎಂಟೂಕಾಲಿಗೆ ಫೋನ್ ಮಾಡಲಿಲ್ಲ.

ಅದೇ ಹುಡುಕಾಟದಲ್ಲಿ ಇನ್ನೊಂದು ಸಿಕ್ಕಿತು. ವಯಸ್ಸಾದವರನ್ನು ಜೀವನದ ನೆನಪು ಹೇಳಿ ಅಂತ ಕೇಳಿದರೆ, ಹತ್ತರಿಂದ ಮೂವತ್ತು ವರ್ಷದ ನಡುವಿನದ್ದೇ ಜಾಸ್ತಿ ಬರುತ್ತದಂತೆ. ಸರಿ, ಹಾಗಾದರೆ ನನ್ನ ತೊಟ್ಟಿಲಿನ ಮೇಲೆ ಮಾಮನಿಗೆ ದ್ವೇಷ ಏನಿಲ್ಲ. ಇಬ್ಬರಿಗೂ ಮೂವತ್ತಾಗುವ ಹೊತ್ತಿಗೆ ನಾನು ಬಂದೆ, ಅಷ್ಟೇ.

ನನ್ನ ಹತ್ತಿರ ಇರುವುದು ತೊಟ್ಟಿಲಿನಿಂದ ಈಚೆಗಿನ ಅಪ್ಪ. ಆ ಅಪ್ಪ ಕುಣಿಯುತ್ತಿರಲಿಲ್ಲ. ಲೈಟ್ ಆರಿಸಿದ್ದೀರಾ, ಗ್ಯಾಸ್ ಬಂದ್ ಮಾಡಿದ್ದೀರಾ, ನಲ್ಲಿ ಸೋರುತ್ತಿದೆ, ಇಷ್ಟು ಬಿಟ್ಟರೆ ಮಾತು ಕಮ್ಮಿ. ಭಾನುವಾರ ಸಂಜೆ ವಾರಕ್ಕಾಗುವ ಐದು ಶರ್ಟುಗಳನ್ನು ತಾವೇ ಇಸ್ತ್ರಿ ಮಾಡುತ್ತಿದ್ದರು. ಮೇಜಿನ ಮೇಲೆ ಹಳೇ ಕಂಬಳಿ ನಾಲ್ಕು ಮಡಿಕೆ, ಬದಿಗೆ ಲೋಟದಲ್ಲಿ ನೀರು. ಬೆರಳು ಅದ್ದಿ ಚಿಮುಕಿಸುತ್ತಿದ್ದರು. ಮೊದಲು ಕಾಲರ್ರು, ಆಮೇಲೆ ತೋಳು, ಕೊನೆಗೆ ಬೆನ್ನು. ಪೆಟ್ಟಿಗೆಯನ್ನು ನಮ್ಮ ಕೈಗೆ ಯಾವತ್ತೂ ಕೊಟ್ಟಿಲ್ಲ. ಆ ಅರ್ಧ ಗಂಟೆ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಅಮ್ಮ ಕರೆದರೂ ಉತ್ತರ ಇಲ್ಲ. ನಾನು ಪ್ರೋಗ್ರೆಸ್ ಕಾರ್ಡ್ ಹಿಡಿದು ಬಾಗಿಲಲ್ಲಿ ನಿಂತು, ಐದನೇ ಶರ್ಟಿನ ಕೊನೇ ಗುಂಡಿ ಹಾಕುವವರೆಗೂ ಕಾದಿದ್ದೇನೆ. ಏನು ಗತ್ತು ಈ ಮನುಷ್ಯಂದು ಅಂತ ಎಷ್ಟೋ ಸಲ ಸಿಟ್ಟು ಬಂದಿದೆ.

ಸಂಜೆ ನಾನೇ ಫೋನ್ ಮಾಡಬೇಕು ಅಂದುಕೊಂಡಿದ್ದೆ. ನಾಳೆಯ ಬಟ್ಟೆ ತಿಕ್ಕಿಬಿಟ್ಟು ಮಾಡೋಣ ಅಂತ ಮುಂದೂಡುತ್ತಾ ಪೆಟ್ಟಿಗೆಯ ಪ್ಲಗ್ ಹಾಕಿದೆ. ತಳದ ನೀಲಿ ಅಂಟನ್ನು ಕೆರೆಯುತ್ತಾ ನಿಂತಾಗ ಅವರೇ ಮಾಡಿದರು.

"ಪುಟ್ಟೀ, ನೀನು ಹೇಳಿದ್ದು ಸರಿ. ಶನಿವಾರಾನೇ. ಶನಿವಾರ ನಮಗೆ ಅರ್ಧ ದಿನ! ಚಕ್ಕರ್ ಹೊಡೆಯೋ ಪ್ರಶ್ನೇನೇ ಬರಲ್ಲ. ಆಫೀಸ್ ಮುಗಿಸಿ ಆರಾಮಾಗಿ ಬಂದ್ವಿ. ಇಂಗ್ಲೆಂಡಲ್ಲಿ ಬೆಳಗ್ಗೆ ಅಂದ್ರೆ ನಮಗೆ ಮಧ್ಯಾಹ್ನ ಅಲ್ವಾ? ಬರೋದಕ್ಕೂ ಮ್ಯಾಚ್ ಶುರುವಾಗೋದಕ್ಕೂ ಸರಿಹೋಯ್ತು. ಟಿವಿ ಹಾಕಿದ್ವಿ…"

ನೋಡಿದಿರಾ? ಬೆಳಗ್ಗೆ ನಾನು ಒಡೆದ ಕತೆ ಸಂಜೆಗೆ ಮೊದಲಿಗಿಂತ ಗಟ್ಟಿಯಾಗಿ ಎದ್ದು ಕೂತಿತ್ತು, ನನ್ನದೇ ಶನಿವಾರವನ್ನು ಊರುಗೋಲು ಮಾಡಿಕೊಂಡು. ಟಿವಿ ಜಾಗ ಬಿಟ್ಟು ಕದಲಿರಲಿಲ್ಲ. ನಾನು ಬಿಬಿಸಿಯ ಸುದ್ದಿ ಎತ್ತಲಿಲ್ಲ. ಕಪಿಲ್ ಔಟಾಗದೆ 175 ಹೊಡೆದರು, ಕಿರ್ಮಾನಿ ಔಟಾಗದೆ 24, ಒಂಬತ್ತನೇ ವಿಕೆಟ್ಟಿಗೆ ಮುರಿಯದ 126. ಅಪ್ಪ ಈ ಸಲ ಮುತ್ತು ಕೊಡಲಿಲ್ಲ, ಅತ್ತರು. ಇದು ಹೊಸದು.

ಮಾಮ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕುರ್ತಾ ವಿಷಯ ಹೇಳಿದೆ. ನಿಮ್ಮ ಮಂಗಳವಾರದಿಂದಲೇ ಆಗಿದ್ದು ಅಂತಲೂ ಹೇಳಿದೆ. ಪಾಪ ಅನ್ನುತ್ತಾರೆ ಅಂದುಕೊಂಡರೆ ಕೆಮ್ಮು ಬರುವಷ್ಟು ನಕ್ಕರು.

"ನಿಮ್ಮಪ್ಪನದೇ ಕೈ! ಅವನೂ ಸುಟ್ಟಿದ್ದ ಕಣಮ್ಮ, ನನ್ನ ಶರ್ಟು. ನಂಗಿದ್ದಿದ್ದೇ ಒಂದು ಒಳ್ಳೇ ಶರ್ಟು, ಟೆರಿಲಿನ್‌ದು. ಮಾರನೇ ದಿನ ಪ್ರಮೋಷನ್ ಇಂಟರ್ವ್ಯೂ. ಕೊಡು ನಾನು ತಿಕ್ತೀನಿ ಅಂತ ಕಿತ್ಕೊಂಡ. ತಿಕ್ತಾ ತಿಕ್ತಾ ಮಾತಾಡ್ತಾನೆ, ಮಾತಾಡ್ತಾನೆ, ನಿಲ್ಸೋದೇ ಇಲ್ಲ. ಅವನ ಬಾಯಿ ನಿಂಗೆ ಗೊತ್ತಲ್ಲ."

ನನಗೆ ಗೊತ್ತಿರಲಿಲ್ಲ.

"ಬೆನ್ನ ಮೇಲೆ ಇಷ್ಟಗಲ ತೂತು. ಅದರ ಮೇಲೆ ಕೋಟು ಹಾಕ್ಕೊಂಡು ಹೋದೆ. ಎಷ್ಟು ಸೆಖೆ ಅಂದ್ರೂ ಬಿಚ್ಚಲಿಲ್ಲ. ಅವತ್ತು ರಾತ್ರಿ ನಿಮ್ಮಪ್ಪ ಹೇಳ್ದ, ಇನ್ಮೇಲೆ ಇಸ್ತ್ರಿ ಮಾಡೋವಾಗ ಬಾಯಿ ಬಿಟ್ರೆ ಕೇಳು ಅಂತ. ಅವತ್ತು ಗುರುವಾರ. ಅಲ್ಲ…"

ಬಾಗಿಲಲ್ಲಿ ಪ್ರೋಗ್ರೆಸ್ ಕಾರ್ಡ್ ಹಿಡಿದು ನಿಂತಿದ್ದು ನೆನಪಾಗಿ, ನಾನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಈ ಸಲ ಮಾಮನಿಗೆ ಗುರುವಾರದಿಂದ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯಿತೋ ನಾನು ಗಮನಿಸಲಿಲ್ಲ.

"ಹೊಸದು ಕೊಡಿಸ್ತೀನಿ ಅಂದಿದಾನೆ" ಅಂದರು ಕೊನೆಗೆ. "ಇನ್ನೂ ಕೊಡ್ಸಿಲ್ಲ."

"ನಿಮ್ಮ ಸೈಜ್ ಎಷ್ಟು ಮಾಮ?"

"ಆಗ 38."

"ಈಗ?"

"ಈಗ 40. ಅಲ್ಲ, ತಡಿ…"

ನಾನು ಮೊದಲು ಪ್ಲಗ್ ಕಿತ್ತೆ.