ಹಾರಿದರೆ ಸೊನ್ನೆ, ಉಳಿದರೆ ಹದಿನೆಂಟು

ದೇವನಹಳ್ಳಿಯಲ್ಲಿ ಹುಟ್ಟಿದ ಐಫೋನ್ 17 ಪುಣ್ಯ ಮಾಡಿದ್ದು. ಕಾರ್ಖಾನೆ ಹತ್ತಿರವೇ ವಿಮಾನ ನಿಲ್ದಾಣ. ಅಮೆರಿಕಕ್ಕೆ ಹಾರಿಬಿಟ್ಟರೆ ರಫ್ತು ಎಂದು ಜಿಎಸ್‌ಟಿ ಸೊನ್ನೆ. ಹಾರದೆ ಬಸ್ಸು ಹತ್ತಿ ಮೆಜೆಸ್ಟಿಕ್ ಕಡೆ ಬಂತೋ, ಶೇ 18. ಊರು ಬಿಡದವರಿಗೆ ನಮ್ಮಲ್ಲಿ ಯಾವಾಗ ಬೆಲೆ ಇತ್ತು? ಈಗ ಬೆಲೆಯೇನೋ ಬಂದಿದೆ, ಕೊಡುವವರು ನಾವು.

2025ರ ಸೆಪ್ಟೆಂಬರ್ ದರ ನೋಡಿ. ಅಮೆರಿಕದಲ್ಲಿ 799 ಡಾಲರ್. ಆಗಿನ 88 ರೂಪಾಯಿಯಂತೆ 70,312. ಅದಕ್ಕೆ ಶೇ 18 ಸೇರಿಸಿದರೆ 82,968. ಇಲ್ಲಿನ ದರ 82,900. ಆಹಾ, 68 ರೂಪಾಯಿ ಬಿಟ್ಟುಕೊಟ್ಟ ಔದಾರ್ಯ! ಎರಡು ಕಾಫಿ ಕುಡಿಯಬಹುದು.

ಆ ಕಾಫಿ ಆರುವ ಮೊದಲೇ ಅದರ ದುಬಾರಿ ಅಣ್ಣ 17 ಪ್ರೊ ಕಡೆ ತಿರುಗಿ. 1,099 ಡಾಲರ್, ಜಿಎಸ್‌ಟಿ ಸೇರಿ 1,14,120 ಆಗಬೇಕು. ಇಲ್ಲಿ 1,34,900. ಮಿಕ್ಕ 20,780 ಏತಕ್ಕೆ? ಆಮದು ಸುಂಕ ಎನ್ನೋಣವೆಂದರೆ ಪ್ರೊ ಕೂಡ ಭಾರತದಲ್ಲೇ ಜೋಡಣೆಯಾಗುತ್ತದೆ. ಬಿಡಿಭಾಗಗಳ ಸುಂಕವೊಂದೇ ಇಷ್ಟು ನುಂಗಲಾರದು. ಕೊಳ್ಳುವವನು ಹೇಗೂ ಕಂತಿನಲ್ಲಿ ಕೊಳ್ಳುತ್ತಾನೆ, ತಿಂಗಳಿಗೆ ಸಾವಿರ ಹೆಚ್ಚಾದರೆ ಅವನಿಗೆ ಕಾಣುವುದಿಲ್ಲ ಎಂಬ ನಂಬಿಕೆ ಇರಬೇಕು.

ನಿಜವಾಗಿ ಆಮದಾದ ಫೋನಿನ ಕಥೆ ಇನ್ನೂ ಸೊಗಸು. 100 ರೂಪಾಯಿ ಮಾಲಿಗೆ 15 ಸುಂಕ. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಒಂದೂವರೆ ರೂಪಾಯಿ. ಒಟ್ಟು 116.50ರ ಮೇಲೆ ಶೇ 18. ಅಂಗಡಿಯವನ ಲಾಭ ಸೇರುವ ಮೊದಲೇ 137.47. ತೆರಿಗೆಯ ಮೇಲೆ ತೆರಿಗೆ, ತುಪ್ಪದ ಮೇಲೆ ಬೆಣ್ಣೆ.

ಅಮೆರಿಕದ ಅಳಿಯನಿಗೆ ಹೇಳಿ ತರಿಸೋಣ ಎನ್ನುವವರಿಗೆ ಒಂದು ಮಾತು. ಅಲ್ಲಿ ಅಂಗಡಿಯಲ್ಲಿ ಬರೆದಿರುವ ದರದ ಮೇಲೆ ರಾಜ್ಯದ ತೆರಿಗೆ ಬಿಲ್ಲಿನಲ್ಲಿ ಸೇರುತ್ತದೆ: ಒರೆಗಾನಿನಲ್ಲಿ ಸೊನ್ನೆ, ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಶೇ 7.25. ಅಳಿಯ ಯಾವ ರಾಜ್ಯದವನೆಂದು ಹೆಣ್ಣು ಕೊಡುವ ಮುಂಚೆಯೇ ಕೇಳಬೇಕಿತ್ತು. ‘ಡಬ್ಬಿ ಬಿಸಾಕಿ, ಸಿಮ್ ಹಾಕ್ಕೊಂಡು ಬನ್ನಿ’ ಎಂದು, ಇಲ್ಲಿನ ಸುಂಕದವರಿಗೆ ಅದು ಬಳಸಿದ ಫೋನಿನಂತೆ ಕಾಣಲೆಂದು, ಮಾವನವರು ಉಪಾಯ ಹೇಳಿಕೊಡುತ್ತಾರೆ. ಹಾಕುವುದೆಲ್ಲಿಗೆ? ಐಫೋನ್ 14ರಿಂದೀಚೆಗೆ ಅಮೆರಿಕದ ಮಾದರಿಗೆ ಸಿಮ್ ತೂತೇ ಇಲ್ಲ, ಫೋನಿನೊಳಗೇ ಕೂತಿರುವ ಇಸಿಮ್ ಮಾತ್ರ. ಫೋನ್ ಬಿದ್ದು ಒಡೆದ ದಿನ ಸಿಮ್ ತೆಗೆದು ಹಳೇ ಡಬ್ಬಾ ಫೋನಿಗೆ ಹಾಕಿಕೊಳ್ಳುವ ಭಾಗ್ಯವೂ ಇಲ್ಲ.

ಐಫೋನ್ ಹಾಳಾಗಿ ಹೋಗಲಿ, ಅದು ಶೋಕಿ. 2025ರ ಸೆಪ್ಟೆಂಬರಿನಲ್ಲಿ ಎಸಿ, ದೊಡ್ಡ ಟಿವಿ, ಪಾತ್ರೆ ತೊಳೆಯುವ ಯಂತ್ರ ಎಲ್ಲವೂ ಶೇ 28ರಿಂದ 18ಕ್ಕೆ ಇಳಿದವು. 2020ರ ಏಪ್ರಿಲ್‌ನಲ್ಲಿ 12ರಿಂದ 18ಕ್ಕೆ ಹತ್ತಿದ ಫೋನು ಮಾತ್ರ ಇಳಿಯಲಿಲ್ಲ. ಗ್ಯಾಸಿಗೆ ಒಟಿಪಿ, ಬ್ಯಾಂಕಿಗೆ ಒಟಿಪಿ, ಆಧಾರ್ ತಿದ್ದಲು ಒಟಿಪಿ. ಆ ನಾಲ್ಕಾರು ಅಂಕಿ ಬರಲೆಂದು ಹತ್ತು ಸಾವಿರದ ಫೋನ್ ಕೊಳ್ಳುವ ಅಜ್ಜಿಗೂ ಹದಿನೆಂಟೇ, ಡಿಶ್‌ವಾಷರಿಗೂ ಹದಿನೆಂಟೇ.