ನೀರು ಹಾಕಿ ಕೊಂದ ದೊಡ್ಡಪತ್ರೆ

ನೀರು ಹಾಕೋದು ಮರೆತು ಗಿಡ ಸಾಯಿಸಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಮರೆಯದೆ ಹಾಕಿ ಸಾಯಿಸಿದವಳು.

ಪಕ್ಕದ ಮನೆಯ ಅಜ್ಜಿ ಗೇಣುದ್ದದ ಕಡ್ಡಿಯೊಂದನ್ನು ಮುರಿದು ಕೊಟ್ಟು, "ಸುಮ್ನೆ ಮಣ್ಣಿಗೆ ಚುಚ್ಚು, ಬರುತ್ತೆ" ಅಂದಿದ್ದರು. ಎಲೆ ತಿಕ್ಕಿ ಮೂಸಿದೆ. ಓಮದ ವಾಸನೆ! ಓಹೋ, ಓಮದ ಗಿಡ ಅಂದರೆ ಇದೇ ಅಂತ ನಾನೇ ತೀರ್ಮಾನ ಮಾಡಿ, ಕಾಳು ಬಿಡೋದನ್ನು ಕಾಯುತ್ತಾ ಕೂತೆ, ಒಂದೆರಡು ವಾರ ಅಲ್ಲ, ಬರೋಬ್ಬರಿ ಎಂಟು ತಿಂಗಳು. ಕೊನೆಗೆ ತಡೆಯಲಾರದೆ "ಅಜ್ಜಿ, ಇದು ಕಾಳು ಯಾವಾಗ ಬಿಡುತ್ತೆ?" ಅಂತ ಕೇಳಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದ್ದು ಗಿಡವನ್ನಲ್ಲ, ನನ್ನನ್ನು.

"ಇದು ದೊಡ್ಡಪತ್ರೆ ಕಣೇ."

ಆದರೆ ನನ್ನ ಮೂಗನ್ನು ಪೂರ್ತಿ ಬೈಯೋ ಹಾಗಿಲ್ಲ. ಓಮದ ಘಾಟಿಗೆ ಮುಖ್ಯ ಕಾರಣ ಥೈಮಾಲ್ ಅನ್ನೋ ರಾಸಾಯನಿಕ. ದೊಡ್ಡಪತ್ರೆಯ ಎಣ್ಣೆಯಲ್ಲೂ ಥೈಮಾಲ್ ಇರುತ್ತೆ, ಜೊತೆಗೆ ಅದರ ಅಣ್ಣತಮ್ಮನಂಥ ಕಾರ್ವಕ್ರಾಲ್ ಕೂಡ. ನೆಂಟಸ್ತನ ಅಲ್ಲಿಗೇ ಮುಗೀತು. ಓಮ ಕೊತ್ತಂಬರಿ, ಜೀರಿಗೆಯ ಮನೆತನದ್ದು, ಕಾಳು ಬಿಟ್ಟು ಒಂದೇ ಹಂಗಾಮಿಗೆ ಕಥೆ ಮುಗಿಸುತ್ತೆ. ದೊಡ್ಡಪತ್ರೆ ತುಳಸಿ, ಪುದೀನದ ಕಡೆಯದು, ವರ್ಷಗಟ್ಟಲೆ ಬದುಕುತ್ತೆ. ಹೂ ಬಿಡೋದೇ ಅಪರೂಪ, ಇನ್ನು ಕಾಳೆಲ್ಲಿಂದ ಬರಬೇಕು?

ಇದರ ವಿಷಯದಲ್ಲಿ ಎಡವಿದವಳು ನಾನೊಬ್ಬಳೇ ಅಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಕ್ಯೂಬನ್ ಒರೆಗಾನೊ, ಮೆಕ್ಸಿಕನ್ ಮಿಂಟ್, ಸ್ಪ್ಯಾನಿಷ್ ಥೈಮ್ ಅಂತ ಇಂಗ್ಲಿಷಿನಲ್ಲಿ ಇದಕ್ಕೆ ಊರಿಗೊಂದು ಹೆಸರು. ಇದು ಒರೆಗಾನೊನೂ ಅಲ್ಲ, ಥೈಮೂ ಅಲ್ಲ, ಕ್ಯೂಬಾದ್ದಂತೂ ಅಲ್ಲವೇ ಅಲ್ಲ. 1790ರಲ್ಲಿ ಲೌರೇರೊ ಅನ್ನೋ ಪೋರ್ಚುಗೀಸ್ ಪಾದ್ರಿ ಕೋಲಿಯಸ್ ಅಂಬೋಯ್ನಿಕಸ್ ಅಂತ ವೈಜ್ಞಾನಿಕ ಹೆಸರಿಟ್ಟು, ಇಂಡೊನೇಷ್ಯಾದ ಅಂಬೋನ್ ದ್ವೀಪವನ್ನೂ ಇದರ ತಲೆಗೆ ಕಟ್ಟಿದ. ಇಷ್ಟು ಜನರ ಜೊತೆ ತಪ್ಪು ಮಾಡಿದ್ದೀನಿ ಅಂದಮೇಲೆ ಸ್ವಲ್ಪ ಸಮಾಧಾನ ಆಯ್ತು.

ಕಾಳಿಲ್ಲದಿದ್ದರೆ ಬೇಡ, ಎಲೆಯಾದರೂ ಸೊಂಪಾಗಿ ಬರಲಿ ಅಂತ ಉಪಚಾರ ಶುರುಮಾಡಿದೆ. ಬಿಸಿಲು ಬೀಳದ ಕಡೆ ಇಟ್ಟು, ಕುಂಡದ ಕೆಳಗೆ ತಟ್ಟೆ ಕೊಟ್ಟು, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಆ ಎಲೆಯನ್ನು ಹತ್ತಿರದಿಂದ ಒಮ್ಮೆ ನೋಡಿದ್ದರೂ ಸಾಕಿತ್ತು. ಕಂಬಳಿ ಹಾಗೆ ಮೈತುಂಬ ಸಣ್ಣ ಕೂದಲು, ಅಂಚಿಗೆ ಬಳೆ ಚೂರು ಜೋಡಿಸಿದ ಹಾಗೆ ಕಚ್ಚು, ಬಗ್ಗಿಸಿದರೆ ಚಟ್ ಅಂತ ಮುರಿಯುವಷ್ಟು ದಪ್ಪ, ಮುರಿದ ಕಡೆ ನೀರು ಒಸರುತ್ತೆ. ಬರಗಾಲಕ್ಕೆ ಅಂತ ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿರೋ ಗಿಡಕ್ಕೆ ನಾನು ದಿನಾ ಎರಡು ಚೊಂಬು ಸುರಿಯುತ್ತಿದ್ದೆ. ನೆರಳಿನಲ್ಲಿ ಕಾಂಡ ಸಣಕಲಾಗಿ ಉದ್ದ ಬೆಳೆಯಿತು. ನಾನು ಅದನ್ನು ಪ್ರಗತಿ ಅಂದುಕೊಂಡೆ. ಮೂರನೇ ವಾರ ಬುಡ ಕಪ್ಪಾಯ್ತು. ಆಸರೆಗೆ ಕೋಲು ಕಟ್ಟೋಣ ಅಂತ ಮೆಲ್ಲಗೆ ಹಿಡಿದರೆ, ಇಡೀ ಗಿಡ ಬೇರಿಲ್ಲದೆ ಕೈಗೆ ಬಂತು. ಕೊಳೆತ ವಾಸನೆಯ ಮಧ್ಯೆಯೂ ಓಮದ ಘಮ, ಅದೊಂದು ಬೇರೆ.

ಮುಖ ತೋರಿಸಲಾಗದೆ, ಕೊಳೆತದ್ದು ಕೊಳೆಯದ್ದು ಎಲ್ಲವನ್ನೂ ಪೊರಕೆಯಲ್ಲಿ ಗುಡಿಸಿ ಹಿತ್ತಲ ಗೋಡೆ ಬದಿಯ ಕಲ್ಲುರಾಶಿಗೆ ಎಸೆದು ಮರೆತೆ. ಅಲ್ಲಿ ಮಣ್ಣು ಕಮ್ಮಿ, ಬಿಸಿಲು ಜಾಸ್ತಿ, ನೀರು ನಿಲ್ಲೋಕೆ ಜಾಗವೇ ಇಲ್ಲ. ದೊಡ್ಡಪತ್ರೆಗೆ ಬೇಕಾಗಿದ್ದೂ ಅದೇ. ಮಣ್ಣಿಗೆ ತಾಗಿದ ಗೆಣ್ಣು ಗೆಣ್ಣಿನಲ್ಲೂ ಬೇರು ಬಿಟ್ಟು, ಎರಡು ತಿಂಗಳಲ್ಲಿ ಕಲ್ಲೇ ಕಾಣದ ಹಾಗೆ ಹಬ್ಬಿಕೊಂಡಿತ್ತು.

ಮೊನ್ನೆ ಅಜ್ಜಿ ಗೋಡೆ ಮೇಲಿಂದ ಇಣುಕಿ, "ಪರವಾಗಿಲ್ವೇ, ಚೆನ್ನಾಗಿ ಸಾಕಿದ್ದೀಯ" ಅಂದರು.

ಕೈಯಲ್ಲಿದ್ದ ಚೊಂಬನ್ನು ಬೆನ್ನ ಹಿಂದೆ ಸರಿಸಿ, "ಹೂಂ ಅಜ್ಜಿ, ತುಂಬಾ ಕಷ್ಟಪಟ್ಟೆ" ಅಂದೆ.