ಮೈ ಸಬಾಯ್

ನನ್ನ ಸೊಂಟಕ್ಕೆ 49 ವರ್ಷ. ಮನಸ್ಸು ಮಾತ್ರ 25ಕ್ಕೇ ನಿಂತುಬಿಟ್ಟಿದೆ. ಹೋದ ನವೆಂಬರಿನಲ್ಲಿ ಇವೆರಡನ್ನೂ ಒಂದೇ ಸೀಟಿನ ಮೇಲೆ ಕೂರಿಸಿಕೊಂಡು ಥಾಯ್ಲೆಂಡಿನ ಬೆಟ್ಟಗಳಲ್ಲಿ 600 ಕಿಲೋಮೀಟರ್ ಸುತ್ತಿಬಂದೆ.

ಇದಕ್ಕೆಲ್ಲ ಮೂಲ ನನ್ನ ಭಾವಮೈದ. ವಯಸ್ಸು 31, ಎತ್ತರ ಆರಡಿ ಒಂದಿಂಚು, ಇನ್ನೂ ಮದುವೆ ಇಲ್ಲ. ಮೂರೂ ನನಗಿಲ್ಲದ ಅನುಕೂಲಗಳು. "ಭಾವ, ಮೇ ಹಾಂಗ್ ಸಾನ್ ಲೂಪ್ ಅಂತ ಇದೆ. ಚಿಯಾಂಗ್ ಮಾಯ್ ಬಿಟ್ಟು ಪಾಯ್, ಮೇ ಹಾಂಗ್ ಸಾನ್, ಮೇ ಸರಿಯಾಂಗ್ ನೋಡಿಕೊಂಡು ವಾಪಸ್ ಚಿಯಾಂಗ್ ಮಾಯ್. ಒಟ್ಟು 1,864 ತಿರುವು ಅಂತಾರೆ" ಎಂದ. ಆಗುಂಬೆ ಘಾಟಿಯಲ್ಲಿರುವುದು 14 ತಿರುವು. ಅಷ್ಟಕ್ಕೇ ನಮ್ಮ ಮನೆಯಲ್ಲಿ ಬಸ್ ಹತ್ತುವ ಮುಂಚೆ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ತಯಾರಾಗುತ್ತವೆ. ಲೆಕ್ಕ ಹಾಕಿದೆ. 133 ಆಗುಂಬೆ! ಲೆಕ್ಕ ಹಾಕಿದ ಮೇಲೂ "ಸರಿ ಕಣೋ" ಅಂದೆ. ಸೊಂಟವನ್ನು ಯಾರೂ ಕೇಳಲಿಲ್ಲ.

ಆಮೇಲೆ ಮೂರು ತಿಂಗಳು ದಿನಾ ರಾತ್ರಿ ಊಟ ಮುಗಿಸಿ ಬೈಕ್ ವಿಡಿಯೋ ನೋಡಿದೆ. ಭಾವಮೈದ ಪಕ್ಕದಲ್ಲಿ ಕೂತು ಟಾರ್ಕ್, ಸಸ್ಪೆನ್ಶನ್ ಅಂತ ವಿವರಿಸುತ್ತಿದ್ದ. ನಾನು ಬೈಕಿನ ಬಣ್ಣ ನೋಡುತ್ತಿದ್ದೆ. ಹುಡುಗಿ ನೋಡಲು ಹೋದವನು ಕೇಸರಿಬಾತ್ ನೋಡಿಕೊಂಡು ಬಂದ ಹಾಗೆ. ಹೆಂಡತಿ ಒಮ್ಮೆ ಅಡುಗೆಮನೆಯಿಂದಲೇ ಹೇಳಿದಳು: "ಸಿನಿಮಾಗೆ ಹೋದ್ರೆ ಇಂಟರ್ವಲ್‌ವರೆಗೂ ಕೂರೋಕಾಗಲ್ಲ ನಿಮಗೆ. ಮೊದಲು ಸೀಟು ನೋಡಿ." ಇಷ್ಟು ಸರಿಯಾದ ಮಾತನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ. ಅದಕ್ಕೇ ಇರಬೇಕು, ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಗದಪತ್ರದಲ್ಲಿ ಮಾತ್ರ ನಾನು ಪಕ್ಕಾ. ಆರ್‌ಟಿಒಗೆ 1,000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿದೆ. ಅದರಲ್ಲಿ ಮೋಟರ್‌ಸೈಕಲ್ಲಿನ 'ಎ' ಅಕ್ಷರದ ಎದುರು ಮುದ್ರೆ ಬಿದ್ದಿದೆಯಾ ಅಂತ ಎರಡು ಸಲ ನೋಡಿದೆ. ಕಾರಿಗೆ ಮಾತ್ರ ಮುದ್ರೆ ಒತ್ತಿಸಿಕೊಂಡು ಹೋಗಿ ಅಲ್ಲಿ ಬೈಕಿನಿಂದ ಬಿದ್ದರೆ ಇನ್ಶೂರೆನ್ಸ್‌ನವರು ಕೈ ತೊಳೆದುಕೊಳ್ಳುತ್ತಾರೆ. ಬೀಳುತ್ತೇನೆ ಅನ್ನುವ ಬಗ್ಗೆ ನನಗೆ ಅಷ್ಟು ಭರವಸೆ ಇತ್ತು.

ಚಿಯಾಂಗ್ ಮಾಯ್‌ಗೆ ಹೋಗುವ ವಿಮಾನದಲ್ಲಿ ಒಂದು ಥಾಯ್ ಪದ ಕಲಿತೆ. ಸಬಾಯ್. ಅಂದರೆ ಆರಾಮ. ಸಾಕಲ್ವಾ? ಬಾಡಿಗೆ ಅಂಗಡಿಯಲ್ಲಿ ಇದೊಂದು ಪದ ಗೊತ್ತಿದ್ದರೆ ಬೈಕು ತಾನಾಗೇ ಬರುತ್ತೆ. ಅಂಗಡಿಯ ಅಮ್ಮ ನಗುತ್ತಾ ಕೈಮುಗಿದರು. ನಾನು ಎದೆ, ಬೆನ್ನು, ಸೊಂಟ ಎಲ್ಲ ಮುಟ್ಟಿ ತೋರಿಸಿ "ಮೈ ಸಬಾಯ್" ಅಂದೆ. ಇಂಗ್ಲಿಷಿನ ಮೈ ಅಂದುಕೊಂಡರೂ ಸರಿ, ಕನ್ನಡದ ಮೈ ಅಂದುಕೊಂಡರೂ ಸರಿ, ನನಗೆ ಆರಾಮ ಬೇಕು ಅಂತಲೇ ಅರ್ಥ ಬರುತ್ತೆ ಅಂತ ನನ್ನ ಲೆಕ್ಕ.

ಅಮ್ಮನ ನಗು ಮಾಯವಾಯಿತು. ಒಳಗೆ ಓಡಿದರು. ಕುರ್ಚಿ ತಂದರು, ತಣ್ಣೀರು ತಂದರು, ಮೂಗಿಗೆ ಎಳೆದುಕೊಳ್ಳುವ ಮೆಂಥಾಲಿನ ಪುಟ್ಟ ಕೊಳವೆ ತಂದು ಕೈಯಲ್ಲಿಟ್ಟರು. ಅಲ್ಲಿ ಅದಕ್ಕೆ ಯಾ ದೋಮ್ ಅನ್ನುತ್ತಾರೆ, ಎಲ್ಲರ ಜೇಬಿನಲ್ಲೂ ಇರುತ್ತೆ. ಎಂಥಾ ಉಪಚಾರ ಅಂತ ನಾನು ಎಳೆದುಕೊಳ್ಳುತ್ತಾ ಕೂತೆ. ಭಾವಮೈದ ಫೋನಿನಲ್ಲಿ ಹುಡುಕಿ ನಗಲು ಶುರು ಮಾಡಿದ. ಥಾಯ್ ಭಾಷೆಯಲ್ಲಿ ಮೈ ಅಂದರೆ 'ಇಲ್ಲ'. ಮೈ ಸಬಾಯ್ ಅಂದರೆ ಹುಷಾರಿಲ್ಲ. ನಾನು ಅಂಗಡಿಗೆ ಕಾಲಿಡುತ್ತಲೇ ಎದೆ ಮುಟ್ಟಿಕೊಂಡು ಕಾಯಿಲೆ ಹೇಳಿಕೊಂಡಿದ್ದೆ.

ಹುಷಾರಿಲ್ಲದವನಿಗೆ ಯಾರು ಬೈಕ್ ಕೊಡುತ್ತಾರೆ? ಹುಷಾರಾಗಿದ್ದೀನಿ ಅಂತ ತೋರಿಸಲು ಎದ್ದು ಹೋಗಿ ಅಲ್ಲಿದ್ದ ಅತಿ ಎತ್ತರದ ಬೈಕನ್ನೇ ಹತ್ತಿದೆ. ಹೋಂಡಾ ಸಿಆರ್‌ಎಫ್ 300 ರ‍್ಯಾಲಿ. ಕೆಂಪು ಬಣ್ಣ, ನೋಡಲು ಬಹಳ ಚೆನ್ನ. ಅದರ ಸೀಟು ನೆಲದಿಂದ 885 ಮಿಲಿಮೀಟರ್ ಎತ್ತರ. ನಾನು ಶೂ ಹಾಕಿಕೊಂಡು ಐದಡಿ ನಾಲ್ಕಿಂಚು. ಹತ್ತುವುದೇನೋ ಹತ್ತಿದೆ. ಸ್ಟ್ಯಾಂಡ್ ತೆಗೆದು ಎಡಗಾಲು ಊರಿದೆ. ನೆಲ ಇರಬೇಕಾದ ಕಡೆ ನೆಲ ಇರಲಿಲ್ಲ. ಕಡಿದ ಬಾಳೆಗಿಡದ ಹಾಗೆ ನಿಧಾನಕ್ಕೆ ವಾಲಿದೆ. ಅಂಗಳದ ಮೂಲೆಯಲ್ಲಿ ಕಂಬದ ಮೇಲೆ ಪುಟ್ಟ ಗುಡಿ, ಆ ಜಾಗದ ದೇವರದ್ದು. ನೈವೇದ್ಯಕ್ಕೆ ಸ್ಟ್ರಾ ಹಾಕಿಟ್ಟ ಕೆಂಪು ಸೋಡಾ. ಸರಿಯಾಗಿ ಅದರ ಎದುರಿಗೇ ನಾನು ಉದ್ದಂಡ ಬಿದ್ದೆ. ಭಕ್ತಿ ಅಂದುಕೊಂಡರೋ ಏನೋ, ಅಂಗಡಿಯ ಅಮ್ಮ ಬೈಯಲಿಲ್ಲ. ಇನ್ನೊಂದು ಸಲ ಕುರ್ಚಿ ತಂದರು.

ಪಕ್ಕದ ಅಂಗಡಿಯಲ್ಲಿ ನಮ್ಮ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ನಿಂತಿತ್ತು. ಸೀಟು 800 ಮಿಲಿಮೀಟರ್, ಕಾಲು ಎಟುಕುತ್ತಿತ್ತು. ಆದರೆ ಥಾಯ್ಲೆಂಡಿಗೆ ಬಂದು ಹಿಮಾಲಯನ್ ಓಡಿಸುವುದು ಅಂದರೆ ಬೀಗರ ಮನೆಗೆ ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಬೇಡ ಅಂದೆ. ಕೊನೆಗೆ ಭಾವಮೈದ ರ‍್ಯಾಲಿ ತಗೊಂಡ. ನಾನು ದಿನಕ್ಕೆ 250 ಬಾತ್‌ಗೆ ಒಂದು 125 ಸಿಸಿ ಸ್ಕೂಟರ್ ತಗೊಂಡೆ. ಸೀಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಇಡ್ಲಿ ಹಾಗೆ ಮೆತ್ತಗಿತ್ತು.

ಇಲ್ಲೇ ನಾನು ಎಡವಿದ್ದು. ಹೆಬ್ಬೆರಳಿನ ತೂಕ ಬೇರೆ, ನನ್ನ ತೂಕ ಬೇರೆ. ಮೆತ್ತಗಿನ ಸ್ಪಂಜು ಮೊದಲ ಅರ್ಧ ಗಂಟೆ ಸ್ವರ್ಗ. ಆಮೇಲೆ ತಳ ಹಿಡಿಯುತ್ತೆ. ಅಲ್ಲಿಂದ ಮುಂದೆ ನೀವು ಕೂತಿರೋದು ಅದರ ಕೆಳಗಿನ ಪ್ಲಾಸ್ಟಿಕ್ ಮೇಲೆ. ದೂರ ಹೋಗುವವರಿಗೆ ಸ್ವಲ್ಪ ಗಟ್ಟಿಯಾದ, ಅಗಲವಾದ ಸೀಟೇ ಬೇಕು. ಕಾಲನ್ನು ಹಿಂದೆ ಮುಂದೆ ಸರಿಸಿಕೊಳ್ಳಲು ಜಾಗ ಬೇಕು. ಚಿಯಾಂಗ್ ಮಾಯ್‌ನಿಂದ ಪಾಯ್‌ಗೆ ಸುಮಾರು 130 ಕಿಲೋಮೀಟರ್, 762 ತಿರುವು. ನನಗೆ ಈ ಜ್ಞಾನೋದಯ ಆಗಿದ್ದು ಸುಮಾರು 200ನೇ ತಿರುವಿನಲ್ಲಿ. ಇನ್ನೂ 562 ಬಾಕಿ.

ದಾರಿಬದಿಯ ಅಂಗಡಿಯೊಂದರಲ್ಲಿ ಮಕ್ಕಳು ಈಜಲು ಹಾಕಿಕೊಳ್ಳುವ ಗಾಳಿ ತುಂಬಿದ ರಿಂಗು ತೂಗುಹಾಕಿದ್ದರು. ಹಳದಿ ಬಣ್ಣ, ಮುಂದುಗಡೆ ಬಾತುಕೋಳಿಯ ಮೂತಿ. ಕೊಂಡೆ. ಸೀಟಿನ ಮೇಲೆ ಕಟ್ಟಿ ಕೂತೆ. ನಿಜ ಹೇಳುತ್ತೇನೆ, ಅಂಥ ಸುಖ ನನ್ನ ಮದುವೆಯ ಸಿಂಹಾಸನದಲ್ಲೂ ಸಿಕ್ಕಿರಲಿಲ್ಲ. ಎದುರಿಗೆ ಬಂದವರೆಲ್ಲ ಕೈ ಬೀಸಿದರು. ನನ್ನ ತೊಡೆಗಳ ಮಧ್ಯದಿಂದ ಬಾತುಕೋಳಿ ಇಣುಕುತ್ತಿತ್ತು ಅನ್ನುವುದು ಭಾವಮೈದ ತೆಗೆದ ಫೋಟೋ ನೋಡಿದ ಮೇಲೆ ಗೊತ್ತಾಯಿತು. ಅದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಇದೆ.

ಬಿಸಿಲಿಗೆ ಬಾತುಕೋಳಿ ಉಬ್ಬುತ್ತಾ ಹೋಯಿತು. ಹೇರ್‌ಪಿನ್ ತಿರುವೊಂದರಲ್ಲಿ 'ಢಂ' ಅಂತು. ಟೈರ್ ಹೋಯಿತು ಅಂತ ಬ್ರೇಕ್ ಹಾಕಿ, ಇಳಿದು, ಎರಡೂ ಟೈರ್ ಒತ್ತಿ ನೋಡಿದೆ. ಎರಡೂ ಗಟ್ಟಿ. ಸೀಟಿನ ಮೇಲೆ ಹಳದಿ ಚೂರು, ಪಕ್ಕದಲ್ಲಿ ಒಂದು ಕಣ್ಣು.

ಪಾಯ್ ತಲುಪಿದಾಗ ಸ್ಕೂಟರ್ ಇಳಿದೆ, ಆದರೆ ಕೂತ ಭಂಗಿಯಲ್ಲೇ ಇಳಿದೆ. ಅಲ್ಲಿ 762 ಅಂತ ಬರೆದ ಟೀ ಶರ್ಟ್ ಮಾರುತ್ತಾರೆ. ಎಲ್ಲರೂ ಎದೆಗೆ ಹಿಡಿದು ನೋಡುತ್ತಿದ್ದರು. ನನಗೆ ಆ ಅಂಕಿ ಎಲ್ಲಿ ಬರೆಸಿಕೊಳ್ಳಬೇಕು ಅಂತ ಬೇರೆ ಅಭಿಪ್ರಾಯ ಇತ್ತು. ರಾತ್ರಿ ಭಾವಮೈದ ನಿಂತುಕೊಂಡೇ ನೂಡಲ್ಸ್ ತಿಂದ. "ಕೂತ್ಕೊಳ್ಳೋ" ಅಂದೆ. "ಪರವಾಗಿಲ್ಲ ಭಾವ, ಇಡೀ ದಿನ ಕೂತೇ ಇದ್ನಲ್ಲ" ಅಂದ. ರ‍್ಯಾಲಿ ಬೈಕಿನ ಸೀಟು ಹಲಗೆಯಂತೆ ಸಣ್ಣಗಿರುತ್ತೆ. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಇನ್ನೊಂದು ಪ್ಲೇಟ್ ತರಿಸಿದೆ.

ಚಿಯಾಂಗ್ ಮಾಯ್ ಅಂಗಡಿಗೆ ಫೋನ್ ಮಾಡಿದೆವು. ಜಾಸ್ತಿ ಹಣಕ್ಕೆ ಒಪ್ಪಿ, ಮರುದಿನ ಒಬ್ಬ ಹುಡುಗನ ಕೈಯಲ್ಲಿ ಹೋಂಡಾ ಫೋರ್ಜಾ 350 ಕಳಿಸಿದರು. ಸೀಟು 780 ಮಿಲಿಮೀಟರ್, ಅಗಲ, ಸೊಂಟಕ್ಕೆ ಆನಿಸಿಕೊಳ್ಳಲು ಹಿಂದೆ ಮೆಟ್ಟಿಲಿನಂಥ ದಿಂಬು. ಕಾಲು ಚಾಚಬಹುದು. ಗುಂಡಿ ಒತ್ತಿದರೆ ಮುಂದಿನ ಗಾಜು ಮೇಲಕ್ಕೇಳುತ್ತೆ. "ಇದು ಬೈಕಲ್ಲ ಭಾವ, ಸೋಫಾ" ಅಂದ ಭಾವಮೈದ, ಹೊಟ್ಟೆಕಿಚ್ಚಿನಿಂದ. ತಂದುಕೊಟ್ಟ ಹುಡುಗ ಹವಾಯಿ ಚಪ್ಪಲಿ ಹಾಕಿಕೊಂಡೇ 762 ತಿರುವು ಬಂದಿದ್ದ. ಒಂದು ಲೋಟ ಐಸ್ ಟೀ ಕುಡಿದು, ನನ್ನನ್ನು ಮುರಿದುಹಾಕಿದ್ದ ಅದೇ ಸ್ಕೂಟರಿನಲ್ಲಿ, ಸಿಳ್ಳೆ ಹಾಕುತ್ತಾ ವಾಪಸ್ ಹೊರಟ.

ಮುಂದಿನ ಎರಡು ದಿನ ರಾಜಯೋಗ. ಮೇ ಹಾಂಗ್ ಸಾನ್‌ನಲ್ಲಿ ಕೆರೆ ದಂಡೆಯ ದೇವಾಲಯ ನೋಡಿದೆವು. ಖುನ್ ಯುಆಮ್ ಹತ್ತಿರ ನವೆಂಬರಿನಲ್ಲಿ ಬೆಟ್ಟಕ್ಕೆ ಬೆಟ್ಟವೇ ಕಾಡು ಸೂರ್ಯಕಾಂತಿಯಿಂದ ಹಳದಿಯಾಗುತ್ತೆ, ಅದನ್ನೂ ನೋಡಿದೆವು. (ಹಳದಿ ಕಂಡಾಗ ಬಾತುಕೋಳಿ ನೆನಪಾಯಿತು.) ಹೊರಡುವಾಗ ಫೋರ್ಜಾದ ಕೀಲಿ ಭಾವಮೈದನ ಜಾಕೆಟ್ಟಿನಲ್ಲಿತ್ತು. ನಾನೇ ಕೊಟ್ಟಿದ್ದೆ, ಮರೆತಿದ್ದೆ. ಅದು ತಿರುಗಿಸುವ ಕೀಲಿ ಅಲ್ಲ, ಹತ್ತಿರ ಇದ್ದರೆ ಸಾಕು. ಇಬ್ಬರೂ ಅಕ್ಕಪಕ್ಕ ನಿಂತಿದ್ದೆವು, ಗಾಡಿ ಸ್ಟಾರ್ಟ್ ಆಯಿತು. ಅವನು ಮುಂದೆ ಹೋದ. ನಾನು 20 ಕಿಲೋಮೀಟರ್ ಆದಮೇಲೆ ಗದ್ದೆಯ ಫೋಟೋ ತೆಗೆಯಲು ನಿಲ್ಲಿಸಿದೆ. ಇಂಜಿನ್ ಆರಿಸಿದೆ. ಅಷ್ಟೇ.

ಫೋನಿಗೆ ಸಿಗ್ನಲ್ ಇಲ್ಲ. ಅವನು ಮೇ ಸರಿಯಾಂಗ್ ತಲುಪಿ, ಕಾಫಿ ಕುಡಿದು, ಬಿಲ್ ಕೊಡಲು ಜೇಬಿಗೆ ಕೈಹಾಕುವವರೆಗೆ ಎರಡೂಮುಕ್ಕಾಲು ಗಂಟೆ ನಾನು ಫೋರ್ಜಾ ಮೇಲೆ ಕೂತಿದ್ದೆ. ಕಾಲು ಚಾಚಿ, ಸೊಂಟ ಆನಿಸಿ. ಇಡೀ ಪ್ರವಾಸದಲ್ಲಿ ಸೊಂಟ ನೋಯದೆ ಅಷ್ಟು ಹೊತ್ತು ಕೂತಿದ್ದು ಅದೇ. ಗದ್ದೆಯ ಫೋಟೋ 140 ಇವೆ.

ನಾಲ್ಕನೇ ದಿನ ಚಿಯಾಂಗ್ ಮಾಯ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಅಂಗಡಿಯ ಅಮ್ಮ ಹೊರಗೆ ಬಂದರು, ನನ್ನನ್ನು ಮೇಲಿಂದ ಕೆಳಗೆ ನೋಡಿ "ಸಬಾಯ್ ಮೈ?" ಅಂದರು. ನನಗೆ ಅವಮಾನ ಆಯಿತು. ಅದೇ ಮೈ, ಅದೇ ಸಬಾಯ್. ಹಿಂದುಮುಂದಾಗಿದೆ ಅಷ್ಟೇ, ಹುಷಾರಿಲ್ಲ ಅಂತ ಮುಖ ನೋಡಿಯೇ ಹೇಳುತ್ತಿದ್ದಾರೆ. ಎದುರು ಮಾತಾಡುವುದು ಬೇಡ ಅಂತ ತಲೆ ಆಡಿಸಿದೆ. ಅವರೇ ಕೊಟ್ಟಿದ್ದ ಮೆಂಥಾಲಿನ ಕೊಳವೆ ಜೇಬಿನಿಂದ ತೆಗೆದು ತೋರಿಸಿ, ಒಂದು ಸಲ ಮೂಗಿಗೆ ಎಳೆದುಕೊಂಡೆ.

"ಅಯ್ಯೋ ಭಾವ," ಅಂದ ಭಾವಮೈದ, "ಮೈ ಮೊದಲು ಬಂದ್ರೆ ಇಲ್ಲ ಅಂತ. ಕೊನೇಲಿ ಬಂದ್ರೆ ಪ್ರಶ್ನೆ. ಆರಾಮಾ ಅಂತ ಕೇಳಿದ್ರು ನಿಮ್ಮನ್ನ."

ಅಷ್ಟರಲ್ಲಿ ಕುರ್ಚಿ ಬಂದಿತ್ತು. ಕೂತೆ.